ತರಬೇತಿಗೆ ಕರೆದದ್ದು ಸಾಕು, ಒಮ್ಮೆ ಅಂಗನವಾಡಿಗೆ ಬನ್ನಿ

ಕೇರಳದಲ್ಲಿ ಮಹಿಳಾ ಮತ್ತು ಶಿಶು ಅಭಿವೃದ್ಧಿಯ ಹೊಣೆ ಹೊತ್ತಿರುವ ಸಚಿವರಿಗೆ ಮತ್ತು ಅಧಿಕಾರಿಗಳಿಗೆ, ಕಾಸರಗೋಡು ಜಿಲ್ಲೆಯ ಪಂಚಾಯತ್ ಅಧ್ಯಕ್ಷರಿಗೆ, ಮಕ್ಕಳನ್ನು ಅಂಗನವಾಡಿಗೆ ಕಳುಹಿಸುವ ಹೆತ್ತವರಿಗೆ

ಮಾನ್ಯರೇ,

ಮಂಜೇಶ್ವರ ತಾಲೂಕಿನ ಒಂದು ಅಂಗನವಾಡಿಯಲ್ಲಿ ಟೀಚರ್ ಆಗಿದ್ದು ನಿವೃತ್ತಳಾದವಳು ನಾನು. ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಅರ್ಜಿಯ ಎರಡನೇ ಪುಟವನ್ನು ಯಾರೂ ಓದುವುದಿಲ್ಲ ಎಂಬುದು ಸೇವೆಯಲ್ಲಿದ್ದಾಗ ಕಲಿತ ಪಾಠಗಳಲ್ಲೊಂದು.

ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವ ನಮ್ಮ ಕನ್ನಡ ಪ್ರದೇಶದ ಅಂಗನವಾಡಿಗಳಿಗೆ ತಿಂಗಳಿಗೊಮ್ಮೆಯಾದರೂ ಒಬ್ಬರು ಬರಬೇಕು. ಟೀಚರ್ ಮಕ್ಕಳ ಜೊತೆ ಕೆಲಸ ಮಾಡುವಾಗ ಅವರು ಬದಿಯಲ್ಲಿ ಕೂತು ನೋಡಬೇಕು. ಮಕ್ಕಳು ಮಲಗಿದ ಮೇಲೆ ಅವಳಿಗೆ ಸಲೀಸಾದ ಭಾಷೆಯಲ್ಲಿ ಅವಳ ಜೊತೆ ಅರ್ಧ ಗಂಟೆ ಮಾತಾಡಬೇಕು. ಅವರ ಕೈಯಲ್ಲಿ ರಿಜಿಸ್ಟರ್ ಇರಬಾರದು, ಮೇಲಕ್ಕೆ ವರದಿ ಕಳುಹಿಸುವ ಅಧಿಕಾರವೂ ಇರಬಾರದು. ನನ್ನ ಬೇಡಿಕೆ ಇಷ್ಟೇ. ಇದಕ್ಕೆ ಹೊಸ ಕಟ್ಟಡ ಬೇಡ, ಟ್ಯಾಬ್ ಬೇಡ, ಉದ್ಘಾಟನೆಯಂತೂ ಬೇಡವೇ ಬೇಡ.

ತರಬೇತಿಯೇ ಇಲ್ಲ ಎಂದು ನಾನು ದೂರುತ್ತಿಲ್ಲ. ಹಿಂದೆ ಹೊಸದಾಗಿ ಸೇರಿದ ಟೀಚರ್‌ಗೆ 26 ದಿನಗಳ ಜಾಬ್ ಟ್ರೈನಿಂಗ್, ಆಮೇಲೆ ಆಗಾಗ 5 ದಿನಗಳ ರಿಫ್ರೆಶರ್ ಎಂಬ ಕ್ರಮವಿತ್ತು. ಕೇಂದ್ರದ ಪೌಷ್ಟಿಕತೆಯ ಯೋಜನೆ ಪೋಷಣ್ ಅಭಿಯಾನ್ ಬಂದಾಗ 21 ಮಾಡ್ಯೂಲ್‌ಗಳ ಕಲಿಕೆ ಬಂತು. 2023ರ ಮೇ 10ರಂದು ಕೇಂದ್ರ ಸರ್ಕಾರ ‘ಪೋಷಣ್ ಭೀ ಪಢಾಯಿ ಭೀ’ (ಪೋಷಣೆಯೂ ಓದೂ) ಎಂದು ಘೋಷಿಸಿತು. ಮಕ್ಕಳಿಗೆ ದಿನಕ್ಕೆ ಕನಿಷ್ಠ 2 ಗಂಟೆ ಒಳ್ಳೆಯ ಶಾಲಾಪೂರ್ವ ಕಲಿಕೆ ಸಿಗಬೇಕು, ಅದಕ್ಕಾಗಿ ಟೀಚರ್‌ಗಳಿಗೆ 3 ದಿನಗಳ ತರಬೇತಿ. 2024ರಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ‘ಆಧಾರಶಿಲಾ’ ಪಠ್ಯಕ್ರಮ, ಮೂರು ವರ್ಷದೊಳಗಿನವರಿಗೆ ‘ನವಚೇತನಾ’ ಬಂದವು. ಕಾಗದದ ಮೇಲೆ ಇವೆಲ್ಲ ಚೆನ್ನಾಗಿಯೇ ಇವೆ. ಮಗು ಆಡುತ್ತಾ ಕಲಿಯಬೇಕು, ಬಾಯಿಪಾಠ ಬೇಡ, ಮನೆಯ ಭಾಷೆಯನ್ನು ತಳ್ಳಬೇಡಿ ಎಂದೆಲ್ಲ ಅದರಲ್ಲಿದೆ. ಬರೆದವರಿಗೆ ಮಕ್ಕಳು ಗೊತ್ತು, ಸಂಶಯವಿಲ್ಲ.

ಆದರೆ ಅದು ನಮ್ಮ ವರೆಗೆ ಇಳಿದು ಬರುವ ದಾರಿ ಇದೆಯಲ್ಲ, ಅಲ್ಲಿ ಸೋರಿ ಹೋಗುತ್ತದೆ. ಮೇಲಿನವರು ಮಾಸ್ಟರ್ ಟ್ರೈನರ್‌ಗಳಿಗೆ ಹೇಳುತ್ತಾರೆ, ಅವರು ಕೆಳಗಿನವರಿಗೆ, ಅವರು ನಮಗೆ. ಹಾಲ್ ತುಂಬ ಟೀಚರ್‌ಗಳು, ಎದುರಿಗೆ ಪರದೆ, ಹಿಂದಿನ ಸಾಲಿಗೆ ಕಾಣದಷ್ಟು ಸಣ್ಣ ಅಕ್ಷರ. ನಾನು ಕೂತ ಒಂದು ತರಬೇತಿಯಲ್ಲಿ ಪಾಠ ಪೂರ್ತಿ ಮಲಯಾಳದಲ್ಲಿ ನಡೆಯಿತು. ನಮ್ಮಲ್ಲಿ ಹೆಚ್ಚಿನವರಿಗೆ ಮಲಯಾಳ ಅರ್ಥವಾಗುತ್ತದೆ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಆಡುತ್ತೇವೆ, ಆ ಭಾಷೆಯ ಮೇಲೆ ಯಾರಿಗೂ ಸಿಟ್ಟಿಲ್ಲ. ಆದರೆ ಮಗುವಿನ ಮನಸ್ಸು ಹೇಗೆ ಬೆಳೆಯುತ್ತದೆ ಎಂಬಂಥ ಸೂಕ್ಷ್ಮ ವಿಷಯದಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವಷ್ಟು ಧೈರ್ಯ ಓದು ಕಲಿತ ಭಾಷೆಯಲ್ಲಿ ಮಾತ್ರ ಬರುವುದು. ನನ್ನ ಪಕ್ಕದಲ್ಲಿದ್ದವಳು ಪರದೆಯ ಮೇಲಿದ್ದದ್ದನ್ನು ಕನ್ನಡ ಲಿಪಿಯಲ್ಲಿ ಹಾಗೇ ಇಳಿಸಿಕೊಳ್ಳುತ್ತಿದ್ದಳು. ಏನು ಬರೆದೆ ಎಂದು ಕೇಳಿದೆ. ‘ಮನೆಗೆ ಹೋಗಿ ನೋಡ್ಬೇಕು ಟೀಚರೇ’ ಎಂದಳು. ಸಂಜೆ ಫೋಟೊ, ಸಹಿ, ಸರ್ಟಿಫಿಕೇಟ್. ಮರುದಿನ ಸೆಂಟರಿನಲ್ಲಿ ಅದೇ ಚಾರ್ಟ್, ಅದೇ ‘ಅ ಅಗಸ’.

ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನ ಸೀಮೆಯವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಚೆಂಡೆಯನ್ನು ಯಾರೂ ಸಭಾಂಗಣದಲ್ಲಿ ಉಪನ್ಯಾಸ ಕೇಳಿ ಕಲಿತದ್ದಿಲ್ಲ. ಗುರುವಿನ ಎದುರು ಕೂತು, ಪೆಟ್ಟು ತಪ್ಪಿದಲ್ಲಿ ಅವರು ಕೈ ಹಿಡಿದು ನಿಲ್ಲಿಸಿ, ಮತ್ತೆ ಅದೇ ಪೆಟ್ಟು ಹೊಡೆಸಿ ಕಲಿಸಿದ್ದು. ಮೂರು ವರ್ಷದ ಇಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು ಮಾತಾಡಿಸುವುದು ಅದಕ್ಕಿಂತ ಸುಲಭದ ವಿದ್ಯೆ ಎಂದು ಯಾಕೆ ಅಂದುಕೊಂಡಿದ್ದೇವೋ ಗೊತ್ತಿಲ್ಲ.

ಈಗ ನಾನು ಕಂಡ ಒಂದು ಸಂಗತಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ನಮ್ಮ ಹತ್ತಿರದ ಇನ್ನೊಂದು ಸೆಂಟರಿಗೆ ಹೊಸ ಟೀಚರ್ ಬಂದಿದ್ದಾಳೆ. ಡಿಗ್ರಿ ಆಗಿದೆ, ಹಾಡು ಚೆನ್ನಾಗಿ ಹೇಳುತ್ತಾಳೆ, ಮಕ್ಕಳೆಂದರೆ ಪ್ರೀತಿ. ಒಂದು ದಿನ ಫೋನ್ ಮಾಡಿದಳು. ‘ಟೀಚರೇ, ಮಕ್ಕಳು ಒಟ್ಟಿಗೆ ಹಾಡ್ತಾರೆ, ಒಟ್ಟಿಗೆ ಉತ್ತರ ಹೇಳ್ತಾರೆ. ಒಬ್ಬೊಬ್ಬರೇ ಮಾತಾಡು ಅಂದ್ರೆ ಬಾಯಿಯೇ ಬಿಡುವುದಿಲ್ಲ. ಒಮ್ಮೆ ಬಂದು ನೋಡ್ತೀರಾ?’

ಹೋಗಿ ಅಕ್ಕಿಯ ಡಬ್ಬದ ಪಕ್ಕದ ಸ್ಟೂಲಿನಲ್ಲಿ ಕೂತೆ. ಮಳೆಯ ವಿಷಯ ನಡೆಯುತ್ತಿತ್ತು. ‘ಮಕ್ಕಳೇ, ಮಳೆ ಎಲ್ಲಿಂದ ಬರ್ತದೆ?’ ಎಂದು ಕೇಳಿದಳು, ಉಸಿರು ಎಳೆಯುವ ಮೊದಲೇ ‘ಮೋಡದಿಂದ’ ಎಂದಳು. ಮಕ್ಕಳು ‘ಮೋಡದಿಂದ’ ಎಂದರು. ‘ಮಳೆ ಬಂದ್ರೆ ಏನು ಹಿಡ್ಕೊಳ್ತೇವೆ? ಕೊಡೆ!’ ‘ಕೊಡೆ!’ ಹೀಗೇ ಸಾಗಿತು. ಅಷ್ಟರಲ್ಲಿ ಹೊರಗೆ ನಿಜವಾಗಿಯೇ ಒಂದು ಅಕಾಲ ಮಳೆಯ ನಾಲ್ಕು ಹನಿ ಬಿತ್ತು. ಕೊನೆಯ ಸಾಲಿನ ಒಬ್ಬ ಹುಡುಗ ಬಾಗಿಲಿನ ಕಡೆ ತಿರುಗಿ, ಗಾಬರಿಯಲ್ಲಿ, ‘ಎಂಕ್ಲೆನ ಬಜ್ಜೈ ಚಂಡಿ ಆಪುಂಡು’ ಎಂದ. ಮನೆಯಂಗಳದಲ್ಲಿ ಒಣಹಾಕಿದ ಅಡಿಕೆ ಒದ್ದೆಯಾಗುತ್ತದಲ್ಲ ಎಂದು ಅವನ ಚಿಂತೆ. ‘ಶ್, ಇಲ್ಲಿ ನೋಡು, ಚಾರ್ಟ್ ನೋಡು’ ಎಂದಳು ಟೀಚರ್. ಹುಡುಗ ಚಾರ್ಟಿನ ಮೇಲಿದ್ದ ಮಳೆಯನ್ನು ನೋಡಿದ.

ಮಧ್ಯಾಹ್ನ ಗಂಜಿ ಆಗಿ ಮಕ್ಕಳು ಚಾಪೆಯ ಮೇಲೆ ಮಲಗಿದ ಮೇಲೆ ಮಾತಾಡಿದೆವು. ಅವಳು ಕೇಳಿದ ಪ್ರಶ್ನೆಗಳನ್ನು ಹಳೆಯ ಲಕೋಟೆಯ ಹಿಂಬದಿಯಲ್ಲಿ ಬರೆದುಕೊಂಡಿದ್ದೆ, ಪ್ರತಿಯೊಂದರ ಎದುರು ಉತ್ತರ ಯಾರು ಹೇಳಿದರು ಎಂದೂ. ಏನೂ ಹೇಳದೆ ಅದನ್ನು ಅವಳ ಕೈಗೆ ಕೊಟ್ಟೆ. ಓದಿ ನಕ್ಕಳು. ‘ಎಲ್ಲ ನಾನೇ ಹೇಳಿದ್ದೇನೆ!’ ಆಮೇಲೆ, ಆ ಹುಡುಗ ಏನು ಹೇಳಿದ ಎಂದು ಕೇಳಿದೆ. ಅವಳಿಗೆ ಕೇಳಿಸಿತ್ತು. ತುಳು ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ‘ಕ್ಲಾಸಿನಲ್ಲಿ ತುಳು ಮಾತಾಡ್ಬಾರದಲ್ಲ ಟೀಚರೇ’ ಎಂದಳು. ಯಾರು ಹೇಳಿದ್ದು? ಯೋಚಿಸಿದಳು. ಯಾರೂ ಹೇಳಿರಲಿಲ್ಲ.

ಒಂದೇ ಒಂದು ಕೆಲಸ ಕೊಟ್ಟೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಐದರ ವರೆಗೆ ಎಣಿಸು, ಮಗು ಯಾವ ಭಾಷೆಯಲ್ಲಿ ಬಾಯಿ ಬಿಡುತ್ತದೋ ಅದೇ ಭಾಷೆಯಲ್ಲಿ ಮೊದಲ ಮಾತು ನೀನು ಆಡು, ಕನ್ನಡ ಆಮೇಲೆ ಬರುತ್ತದೆ. ಬೇರೆ ಹತ್ತು ವಿಷಯ ಕಂಡಿತ್ತು, ಹೇಳಲಿಲ್ಲ. ಹತ್ತು ಹೇಳಿದರೆ ಒಂದೂ ಉಳಿಯುವುದಿಲ್ಲ.

ಮುಂದಿನ ಸಲ ಹೋದಾಗ ಅವಳು ಸಿಪ್ಪೆ ಸುಲಿಯದ ಒಣ ಅಡಿಕೆಯನ್ನು ಒಂದು ಕುಕ್ಕೆಯಲ್ಲಿ ತಂದಿಟ್ಟಿದ್ದಳು. ನಾನು ಹೇಳಿರಲಿಲ್ಲ, ಅವಳಿಗೇ ಹೊಳೆದದ್ದು. ಮಳೆ ಬಂದರೆ ಇದಕ್ಕೆ ಏನಾಗುತ್ತದೆ ಎಂದು ಕೇಳಿ ಸುಮ್ಮನೆ ಕೂತಳು. ಆ ಮೌನ ಅವಳಿಗೆ ಎಷ್ಟು ಕಷ್ಟವಾಯಿತೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಹುಡುಗ ಎದ್ದು ನಿಂತ. ಅಜ್ಜ ಟಾರ್ಪಾಲು ಎಳೆಯುವುದು, ಅಜ್ಜಿ ಬೈಯುವುದು, ಒದ್ದೆಯಾದ ಅಡಿಕೆಗೆ ಬಿಳಿ ಬೂಸಲು ಹಿಡಿಯುವುದು, ಎಲ್ಲ ಬಂತು. ಬ್ಯಾರಿ ಮನೆಯ ಒಂದು ಹುಡುಗಿ ತಮ್ಮಲ್ಲಿ ಮೀನು ಒಣಗಿಸುವುದನ್ನೂ ಬೆಕ್ಕು ಬರುವುದನ್ನೂ ಕೈ ಬಾಯಿ ಮಾಡಿ ಹೇಳಿತು. ಆಮೇಲೆ ದೊಡ್ಡ ಅಡಿಕೆ ಒಂದು ಸಾಲು, ಸಣ್ಣದು ಒಂದು ಸಾಲು, ಯಾವ ಸಾಲು ಉದ್ದ, ಎಷ್ಟು ಕಡಿಮೆ. ಪಠ್ಯಕ್ರಮದಲ್ಲಿ ಇದಕ್ಕೆ ವರ್ಗೀಕರಣ, ಪೂರ್ವಗಣಿತ ಎಂದು ದೊಡ್ಡ ಹೆಸರುಗಳಿವೆ. ತರಬೇತಿಯಲ್ಲಿ ಆ ಹೆಸರುಗಳನ್ನು ಅವಳು ಬರೆದುಕೊಂಡೂ ಇದ್ದಳು.

ಇದು ನನ್ನ ಸ್ವಂತ ಆವಿಷ್ಕಾರವೇನೂ ಅಲ್ಲ. ಅಮೆರಿಕದಲ್ಲಿ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದು ನೋಡಿದ್ದಾರಂತೆ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ, ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿದ್ದವರೂ ಮಾತಾಡುತ್ತಾರೆ. 2018ರಲ್ಲಿ ಮ್ಯಾಥ್ಯೂ ಕ್ರಾಫ್ಟ್ ಮತ್ತು ಅವರ ಸಂಗಡಿಗರು ಶಿಕ್ಷಕರ ಜೊತೆ ಕೂತು ತಿದ್ದುವ ಕೋಚಿಂಗ್ ಬಗೆಗಿನ 60 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಪಾಠ ಮಾಡುವ ರೀತಿಯೂ ಸುಧಾರಿಸುತ್ತದೆ, ಮಕ್ಕಳ ಕಲಿಕೆಯೂ ಏರುತ್ತದೆ ಎಂದು ಕಂಡಿತು. (ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಇದನ್ನೆಲ್ಲ ಮಗಳು ಓದಿ ಹೇಳಿದ್ದು.) ಅದರಲ್ಲೇ ಇನ್ನೊಂದು ಮಾತೂ ಇದೆ. ಸಾವಿರಾರು ಜನರಿಗೆ ಒಮ್ಮೆಲೇ ಹಂಚಲು ಹೊರಟಾಗ ಕೋಚಿಂಗಿನ ಫಲ ಇಳಿಯುತ್ತದೆ. ಆದ್ದರಿಂದ ರಾಜ್ಯದ 33,115 ಅಂಗನವಾಡಿಗಳಿಗೂ ನಾಳೆಯೇ ಮಾಡಿ ಎಂದು ನಾನು ಕೇಳುತ್ತಿಲ್ಲ. ನಮ್ಮ ಎರಡು ಮೂರು ಪಂಚಾಯತ್‌ಗಳಲ್ಲಿ ಮಾಡಿ ನೋಡಿ.

‘ಸೂಪರ್‌ವೈಸರ್ ಇದ್ದಾರಲ್ಲ’ ಎಂದು ನೀವು ಕೇಳುತ್ತೀರಿ. ಇದ್ದಾರೆ, ಪಾಪ. ಇಪ್ಪತ್ತೈದು ಸೆಂಟರಿಗೆ ಒಬ್ಬರು ಎಂಬುದು ಲೆಕ್ಕ. ಬಂದವರು ತೂಕದ ರಿಜಿಸ್ಟರ್ ನೋಡಬೇಕು, ಕೂಸುಗಳಿಗೆ ಕೊಡುವ ಅಮೃತಂ ಪುಡಿಯ ಸ್ಟಾಕ್ ನೋಡಬೇಕು, ಮೊಬೈಲಿನ ಪೋಷಣ್ ಟ್ರ್ಯಾಕರ್‌ನಲ್ಲಿ ಯಾವ ಮಗುವಿನ ಎತ್ತರ ಹಾಕಿಲ್ಲ ಎಂದು ಹುಡುಕಬೇಕು, ಗರ್ಭಿಣಿಯರ ಪಟ್ಟಿ, ಕಟ್ಟಡದ ಸೋರಿಕೆ, ಪಂಚಾಯತಿನ ಕಾಗದ. ಮಕ್ಕಳ ಕಡೆ ತಿರುಗುವ ಹೊತ್ತಿಗೆ ಬಸ್ಸಿನ ಸಮಯ. ಒಳ್ಳೆಯ ಸೂಪರ್‌ವೈಸರ್‌ಗಳ ಕೈಕೆಳಗೆ ನಾನು ಕೆಲಸ ಮಾಡಿದ್ದೇನೆ, ಮನೆಯವರಂತೆ ನೋಡಿಕೊಂಡವರಿದ್ದಾರೆ. ಆದರೂ ಅವರ ಜೀಪೋ ಸ್ಕೂಟರೋ ಗೇಟಿನ ಹತ್ತಿರ ನಿಂತಿತೆಂದರೆ ಟೀಚರ್ ಮೊದಲು ಮಾಡುವುದು ಮಕ್ಕಳನ್ನು ಸಾಲಾಗಿ ಕೂರಿಸುವುದು. ತನಿಖೆ ಮಾಡುವವರ ಎದುರು ‘ನನಗೆ ಇದು ಬರುವುದಿಲ್ಲ’ ಎಂದು ಯಾರು ಹೇಳುತ್ತಾರೆ? ಗೌರವಧನದಲ್ಲಿ ದುಡಿಯುವವಳು ಹೇಳಲಾರಳು. ಅದಕ್ಕೇ ನಾನು ಕೇಳುವ ಮನುಷ್ಯ ಬೇರೆಯೇ ಆಗಿರಬೇಕು. ಅವರು ನೋಡಿದ್ದು ಟೀಚರ್ ಮತ್ತು ಅವರ ನಡುವೆಯೇ ಉಳಿಯಬೇಕು.

ಇನ್ನು ಆ 2 ಗಂಟೆಯ ವಿಷಯ. ಬೆಳಿಗ್ಗೆ 9.30ಕ್ಕೆ ತೆರೆದು ಸಂಜೆ 3.30ಕ್ಕೆ ಮುಚ್ಚುವ ಸೆಂಟರಿನಲ್ಲಿ ಎರಡು ಗಂಟೆ ಸಿಗುವುದಿಲ್ಲವೇ ಎಂದು ಹೊರಗಿನವರಿಗೆ ಅನಿಸಬಹುದು. ಹೆಲ್ಪರ್ ರಜೆಯಲ್ಲಿದ್ದರೆ ಅಡುಗೆಯೂ ಟೀಚರ್‌ದೇ. ಲಸಿಕೆಯ ದಿನ, ಗೃಹಭೇಟಿ, ಸರ್ವೆ, ಚುನಾವಣೆ ಬಂದರೆ ಅದರ ಕೆಲಸ. ನೆಟ್‌ವರ್ಕ್ ಸಿಗುವ ಗುಡ್ಡದ ತುದಿಗೆ ಫೋನ್ ಹಿಡಿದು ಹೋಗುವುದೂ ಕೆಲಸವೇ. ಪಕ್ಕದ ತಮಿಳುನಾಡಿನಲ್ಲಿ ಇದರ ಮೇಲೆ ಒಂದು ದೊಡ್ಡ ಪ್ರಯೋಗ ನಡೆದಿದೆ. ನಾಲ್ಕು ಜಿಲ್ಲೆಗಳ 640 ಕೇಂದ್ರಗಳನ್ನು ಆರಿಸಿ, ಅದರಲ್ಲಿ 320ಕ್ಕೆ ಅರ್ಧ ದಿನದ ಒಬ್ಬ ಹೆಚ್ಚುವರಿ ಟೀಚರನ್ನು ಕೊಟ್ಟು, ಒಂದೂವರೆ ವರ್ಷದ ನಂತರ ಅರ್ಥಶಾಸ್ತ್ರಜ್ಞರಾದ ಗನಿಮಿಯನ್, ಮುರಳೀಧರನ್ ಮತ್ತು ವಾಲ್ಟರ್ಸ್ ಅಳೆದು ನೋಡಿದರು. ಮಕ್ಕಳಿಗೆ ಸಿಗುವ ಕಲಿಕೆಯ ಸಮಯ ಎರಡು ಪಟ್ಟಾಗಿತ್ತು, ಲೆಕ್ಕ ಮತ್ತು ಭಾಷೆ ಎರಡರಲ್ಲೂ ಮಕ್ಕಳು ಮುಂದಿದ್ದರು. ಹೆಚ್ಚುವರಿ ಟೀಚರ್ ಕೊಡುವ ಶಕ್ತಿ ಖಜಾನೆಗೆ ಇಲ್ಲ ಎನ್ನುವಿರಾದರೆ, ಆ ಎರಡು ಗಂಟೆಯಲ್ಲಿ ಯಾವ ಮೀಟಿಂಗೂ, ಯಾವ ಫೋನೂ, ಯಾವ ‘ಅರ್ಜೆಂಟ್ ವಿವರ ಕಳಿಸಿ’ ಎಂಬ ವಾಟ್ಸಾಪ್ ಸಂದೇಶವೂ ಬರಬಾರದು ಎಂದು ಒಂದು ಸುತ್ತೋಲೆಯನ್ನಾದರೂ ಹೊರಡಿಸಿ. ಅದಕ್ಕೆ ಖರ್ಚಿಲ್ಲ.

ನಮ್ಮದು ಸಪ್ತಭಾಷಾ ಸಂಗಮಭೂಮಿ ಎಂದು ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಅದರ ಭಾರ ಬೀಳುವುದು ಅಂಗನವಾಡಿ ಟೀಚರ್ ಮೇಲೆ. ಒಂದೇ ಕೋಣೆಯಲ್ಲಿ ತುಳು, ಬ್ಯಾರಿ, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಮಲಯಾಳ, ಉಪ್ಪಳದ ಕಡೆಗಾದರೆ ಉರ್ದು, ಕೆಲವೆಡೆ ಕೊರಗ ಮನೆಗಳ ಮಾತು. ಇದು ತೊಂದರೆ ಅಂತಲೇ ತಿಳಿದುಕೊಂಡಿದ್ದಾರೆ. ತಿಳಿದವರು ಬದಿಯಲ್ಲಿ ಕೂತು ದಾರಿ ತೋರಿಸಿದರೆ ಇದಕ್ಕಿಂತ ದೊಡ್ಡ ಸಂಪತ್ತು ಇನ್ನೊಂದಿಲ್ಲ. ಹೆಲ್ಪರ್ ಅಕ್ಕಂದಿರೇ ಎಷ್ಟೋ ಕಡೆ ಇದನ್ನು ಸಹಜವಾಗಿ ಮಾಡುತ್ತಿದ್ದಾರೆ. ಅಳುವ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಅದರ ಮನೆ ಮಾತಿನಲ್ಲೇ ಕಾಗೆ ಗುಬ್ಬಿಯ ಕಥೆ ಹೇಳಿ, ಗಂಜಿ ಉಣ್ಣಿಸಿ ಬಿಡುತ್ತಾರೆ. ಅವರನ್ನು ಯಾವ ತರಬೇತಿಗೆ ಕರೆದಿದ್ದೀರಿ? ತರಬೇತಿ ಪಡೆದ ಟೀಚರ್‌ಗಿಂತ ಹೆಚ್ಚು ಮಾತು ಮಗುವಿನ ಜೊತೆ ಆಡುವವರು ಅವರು.

ಕನ್ನಡದ ಬಗ್ಗೆ ಒಂದು ಕಾನೂನಿನ ಮಾತೂ ಹೇಳಬೇಕು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕೆನ್ನುತ್ತದೆ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲೇ, ನಾವು ಮದ್ರಾಸಿನಿಂದ ಕೇರಳಕ್ಕೆ ಬಂದ ವರ್ಷವೇ, 7ನೇ ತಿದ್ದುಪಡಿಯಲ್ಲಿ ಇದು ಸೇರಿತು. ಅದರ ಬಲದಿಂದಲೇ ನಮ್ಮ ಕನ್ನಡ ಶಾಲೆಗಳಿಗೆ ಕನ್ನಡ ಪುಸ್ತಕಗಳಿವೆ, ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು ಹೋರಾಡಲು ನೆಲವಿದೆ. ಅದೇ ಶಾಲೆಯ ಕಂಪೌಂಡಿಗೆ ತಾಗಿದ ಅಂಗನವಾಡಿ ಮಾತ್ರ ‘ಪ್ರಾಥಮಿಕ’ ಅಲ್ಲದ ಕಾರಣ ಆ ಬೇಲಿಯ ಹೊರಗೆ. 2002ರ 86ನೇ ತಿದ್ದುಪಡಿ 45ನೇ ವಿಧಿಯನ್ನು ಬದಲಿಸಿ, ಆರು ವರ್ಷದೊಳಗಿನ ಎಲ್ಲ ಮಕ್ಕಳ ಪಾಲನೆ ಮತ್ತು ಶಿಕ್ಷಣ ಸರ್ಕಾರದ ಪ್ರಯತ್ನವಾಗಿರಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಬುನಾದಿ ಹಂತ ಮಾಡಿತು. ಹಾಗಾದರೆ ಒಂದನೇ ಕ್ಲಾಸಿನ ಕನ್ನಡ ಮಗುವಿಗೆ ಸಲ್ಲುವುದು ಅಂಗನವಾಡಿಯ ಅವನ ತಂಗಿಗೆ ಯಾಕೆ ಸಲ್ಲಬಾರದು? ತಲಪಾಡಿ ಗೇಟಿನಾಚೆ ಕರ್ನಾಟಕದ ಅಂಗನವಾಡಿಗಳಿಗೆ ಕನ್ನಡದಲ್ಲೇ ಚಟುವಟಿಕೆ ಪುಸ್ತಕಗಳಿವೆ. ಅವನ್ನು ಹಾಗೇ ತಂದು ಹಂಚಿ ಎನ್ನುವುದಿಲ್ಲ, ಬೆಂಗಳೂರಿನಲ್ಲಿ ಕೂತು ಬರೆದ ರಾಗಿ ಮುದ್ದೆಯ ಪಾಠ ನಮ್ಮ ಮಕ್ಕಳಿಗೂ ದೂರವೇ. ಎರಡೂ ಕಡೆಯದನ್ನು ನೋಡಿ ನಮ್ಮಲ್ಲಿಗೆ ಹೊಂದಿಸುವವರು ಇಲ್ಲೇ ಇದ್ದಾರೆ.

ಇನ್ನೊಂದು ಕಾರಣಕ್ಕೂ ನಮ್ಮ ಜಿಲ್ಲೆಯನ್ನು ಬೇರೆಯಾಗಿ ನೋಡಬೇಕು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಕಡೆ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಎಲ್ಲರಿಗೂ ಗೊತ್ತಿದೆ. ಆ ಮನೆಗಳಲ್ಲಿ ಮಗು ಸ್ವಲ್ಪ ತಡವಾಗಿ ಕತ್ತು ನಿಲ್ಲಿಸಿದರೂ ತಾಯಂದಿರಿಗೆ ನಿದ್ರೆ ಬರುವುದಿಲ್ಲ. ಕೆಲವರು ಹೆದರಿ ಯಾರಿಗೂ ಹೇಳುವುದೇ ಇಲ್ಲ. ಕರೆದರೆ ತಿರುಗದ ಮಗು, ಕಣ್ಣು ಕೂಡಿಸದ ಮಗು, ವಯಸ್ಸಿಗೆ ತಕ್ಕ ಮಾತು ಬಾರದ ಮಗು, ಇದನ್ನು ಮನೆಯ ಹೊರಗೆ ಮೊದಲು ನೋಡುವ ಕಣ್ಣು ಅಂಗನವಾಡಿ ಟೀಚರ್‌ದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕೆಂದಿದೆ. ನಡುವಿನ ತಿಂಗಳುಗಳಲ್ಲಿ? 2023ರ ನವೆಂಬರಿನಲ್ಲಿ ಕೇಂದ್ರವು ದಿವ್ಯಾಂಗ ಮಕ್ಕಳಿಗಾಗಿ ಅಂಗನವಾಡಿ ಪ್ರೋಟೊಕಾಲ್ ಹೊರಡಿಸಿದೆ. ಯಾವ ವಯಸ್ಸಿಗೆ ಏನು ನೋಡಬೇಕು, ಎಲ್ಲಿಗೆ ಕಳುಹಿಸಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಆದರೆ ಒಂದು ಮಗು ಮಂಕಾಗಿದೆಯೇ, ಕಿವಿ ಕೇಳುತ್ತಿಲ್ಲವೇ ಅಥವಾ ಮನೆಯಲ್ಲಿ ಇನ್ನೊಂದು ಭಾಷೆ ಆದ್ದರಿಂದ ಸುಮ್ಮನಿದೆಯೇ ಎಂದು ಪಟ್ಟಿ ಓದಿ ಹೇಳಲು ಬರುವುದಿಲ್ಲ. ಅನುಭವಸ್ಥರೊಬ್ಬರು ಜೊತೆಗೆ ಕೂತು ಆ ಮಗುವನ್ನೇ ನೋಡುತ್ತಾ ತೋರಿಸಿಕೊಡಬೇಕು. ಆ ತಾಯಿಗೆ ವಿಷಯವನ್ನು ಹೇಗೆ ತಿಳಿಸಬೇಕು ಎಂಬುದನ್ನೂ. ಈ ಎರಡನೆಯದನ್ನು ಯಾವ ತರಬೇತಿಯಲ್ಲೂ ನಾನು ಕೇಳಲಿಲ್ಲ.

ಜನ ಎಲ್ಲಿಂದ ತರುವುದು ಎನ್ನುವಿರಿ. ನಿವೃತ್ತರಾದ ಒಳ್ಳೆಯ ಅಂಗನವಾಡಿ ಟೀಚರ್‌ಗಳು ಪೈವಳಿಕೆಯಿಂದ ದೇಲಂಪಾಡಿಯ ತನಕ ಪ್ರತಿ ಪಂಚಾಯತಿನಲ್ಲೂ ಇದ್ದಾರೆ. ಒಂದನೇ ಕ್ಲಾಸಿಗೆ ಪಾಠ ಮಾಡಿ ನಿವೃತ್ತರಾದ ಕನ್ನಡ ಅಧ್ಯಾಪಿಕೆಯರಿದ್ದಾರೆ. ಸೇವೆಯಲ್ಲಿರುವವರ ನಡುವೆಯೂ ಎರಡು ಮೂರು ಜನ ಇಂಥವರು, ಒಬ್ಬ ಸೂಪರ್‌ವೈಸರ್ ನೋಡಿಕೊಳ್ಳುವ ಪ್ರತಿ ಸೆಕ್ಟರಿನಲ್ಲಿ ಸಿಗುತ್ತಾರೆ. ಯಾರೆಂದು ಎಲ್ಲ ಟೀಚರ್‌ಗಳಿಗೂ ಗೊತ್ತು, ಅವರನ್ನೇ ಕೇಳಿ ಆರಿಸಿ. ದಯವಿಟ್ಟು ಪರೀಕ್ಷೆ ಮಾಡಬೇಡಿ, ಪರೀಕ್ಷೆಯಲ್ಲಿ ಗೆಲ್ಲುವವರೇ ಬೇರೆ. ಶಿಕ್ಷಕರನ್ನು ತಯಾರು ಮಾಡುವ ಜಿಲ್ಲಾ ಸಂಸ್ಥೆ ಡಯಟ್ ನಮ್ಮ ಮಾಯಿಪ್ಪಾಡಿಯಲ್ಲೇ ಇದೆ. ಕೋಚ್‌ಗಳಿಗೂ ತಿಂಗಳಿಗೊಂದು ದಿನ ಕೂತು ತಾವು ಕಂಡದ್ದನ್ನು ಹಂಚಿಕೊಳ್ಳಲು ಜಾಗ ಬೇಕು, ಅದು ಅಲ್ಲಿ ಆಗಬಹುದು. ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, ಪ್ಲಸ್ ಟು ಆದ ಟೀಚರ್‌ಗಳಿಗೆ 6 ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ, ತಿಂಗಳಿಗೆ ಕನಿಷ್ಠ ಒಂದು ನೇರ ತರಗತಿ ಎಂದಿದೆ. ಆ ನೀತಿಯ ಬಗ್ಗೆ ನಮ್ಮ ರಾಜ್ಯಕ್ಕೆ ಬೇರೆ ತಕರಾರುಗಳಿವೆ, ಇರಲಿ. ಈ ಒಂದು ಅಂಶವನ್ನು ಕನ್ನಡದಲ್ಲಿ ಮಾಡಿಕೊಟ್ಟರೆ ಯಾರ ಸಿದ್ಧಾಂತಕ್ಕೂ ಭಂಗವಾಗದು. ಕೋಚ್ ಜೊತೆ ಕಲಿತದ್ದೂ ಆ ಸರ್ಟಿಫಿಕೇಟಿನ ಲೆಕ್ಕಕ್ಕೆ ಸೇರಲಿ.

ಹಣದ ಮಾತು ಪಂಚಾಯತ್ ಅಧ್ಯಕ್ಷರಿಗೆ. ಪಂಚಾಯತ್‌ಗಳಿಗೆ ಅಧಿಕಾರವನ್ನೂ ಹಣವನ್ನೂ ಕೊಟ್ಟ 1996ರ ಜನಕೀಯ ಯೋಜನೆಯ ಕಾಲದಿಂದ ಅಂಗನವಾಡಿಗಳು ನಿಮ್ಮ ಮಡಿಲಲ್ಲೇ ಇವೆ. ವಾರ್ಷಿಕ ಯೋಜನೆಯಲ್ಲಿ ಗೋಡೆಗೆ ಬಣ್ಣ, ಕಾರ್ಟೂನ್ ಚಿತ್ರ, ಆಟದ ಜಾರುಬಂಡಿ ಎಂದು ಇಡುತ್ತೀರಿ. ಸಂತೋಷ. ಆ ಜಾರುಬಂಡಿಯ ದುಡ್ಡಿನಲ್ಲಿ ಒಬ್ಬ ಕೋಚ್‌ನ ವರ್ಷದ ಬಸ್ ಖರ್ಚು ಮತ್ತು ದಿನಭತ್ಯೆಯ ದೊಡ್ಡ ಪಾಲು ಆಗಿಹೋಗುತ್ತದೆ. ಬಣ್ಣದ ಗೋಡೆಯ ಫೋಟೊ ಚೆನ್ನಾಗಿ ಬರುತ್ತದೆ, ಟೀಚರ್ ಐದರ ವರೆಗೆ ಎಣಿಸುತ್ತಾ ಕಾಯುವುದರ ಫೋಟೊ ಬರುವುದಿಲ್ಲ, ನಿಜ.

ಟೀಚರ್‌ಗಳ ಗೌರವಧನದ ಬಗ್ಗೆ ಸಂಘಟನೆಗಳು ಹೇಳುತ್ತಿವೆ, ನಾನು ಅದಕ್ಕೆ ಸೇರಿಸುವುದೇನೂ ಇಲ್ಲ. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಗ್ರಾಚುಯಿಟಿ ಕೊಡಬೇಕೆಂದು ತೀರ್ಪು ಕೊಟ್ಟಾಗ, ಅಂಗನವಾಡಿಯಲ್ಲಿ ನಡೆಯುವುದು ಶಿಕ್ಷಣದ ಕೆಲಸವೂ ಹೌದೆಂದು ಒಪ್ಪಿಕೊಂಡಿತು. ಶಿಕ್ಷಣದ ಕೆಲಸ ಎಂದಾದರೆ ಶಿಕ್ಷಕರಿಗೆ ಸಿಗುವ ಬೆಂಬಲವೂ ಬರಬೇಕು.

ಮಾನ್ಯರೇ, ನೀವು ಕೇಳುವವರು ಎಂಬ ನಂಬಿಕೆ ನನಗಿದೆ. 2025ರಲ್ಲಿ ಒಬ್ಬ ಪುಟ್ಟ ಉಪ್ಪಿಟ್ಟು ಬೇಡ, ಬಿರಿಯಾಣಿ ಬೇಕು ಎಂದದ್ದನ್ನು ಅವನ ಅಮ್ಮ ವಿಡಿಯೊ ಮಾಡಿ ಹಾಕಿದರು, ಇಡೀ ರಾಜ್ಯದ ಅಂಗನವಾಡಿ ಮೆನುವೇ ಬದಲಾಯಿತು. ನಮ್ಮ ಟೀಚರ್‌ಗಳು ಅಷ್ಟು ಮುದ್ದಾಗಿ ಕೇಳಲಾರರು, ಅಷ್ಟೇ ವ್ಯತ್ಯಾಸ. ಕಾಸರಗೋಡಿನಲ್ಲಿ ಮಾಡಿ ನೋಡಿದ್ದು ರಾಜ್ಯಕ್ಕೆ ಹೋಗುವುದೂ ಹೊಸತಲ್ಲ. ಇವತ್ತು ಕೇರಳದ ಮನೆಮನೆಯ ಕೂಸುಗಳು ತಿನ್ನುವ ಅಮೃತಂ ನ್ಯೂಟ್ರಿಮಿಕ್ಸ್ ರೂಪುಗೊಂಡದ್ದು ನಮ್ಮಲ್ಲಿನ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯಲ್ಲಿ, ಆಮೇಲೆ ಕುಟುಂಬಶ್ರೀ ಮಹಿಳಾ ಸಂಘಗಳವರು ಅದನ್ನು ಎಲ್ಲೆಡೆ ಹಬ್ಬಿಸಿದರು.

ಎಲ್ಲ ಒಮ್ಮೆಲೇ ಆಗದಿದ್ದರೆ ಇಷ್ಟು ಮಾಡಿ. ಮುಂದಿನ ತಿಂಗಳ ಸೆಕ್ಟರ್ ಮೀಟಿಂಗಿನಲ್ಲಿ ಲೆಕ್ಕಪತ್ರಕ್ಕೆ ಅರ್ಧ ದಿನ, ಉಳಿದರ್ಧ ದಿನ ಮಕ್ಕಳ ಬಗ್ಗೆ ಕನ್ನಡದಲ್ಲಿ ಮಾತು ಎಂದು ನಿಗದಿ ಮಾಡಿ, ಹೆಲ್ಪರ್‌ಗಳನ್ನೂ ಕರೆಯಿರಿ. ಪ್ರತಿ ಸೆಕ್ಟರಿಗೆ ಒಬ್ಬ ನಿವೃತ್ತ ಟೀಚರನ್ನು ಪ್ರಾಯೋಗಿಕವಾಗಿ ಆರು ತಿಂಗಳಿಗೆ ನೇಮಿಸಿ. ಸೆಂಟರಿನೊಳಗೆ ಹೋಗಿ ಕೂರಲು ಅವರಿಗೆ ಒಂದು ಅನುಮತಿ ಪತ್ರ ಕೊಡಿ. ಈಗ ನಾನು ಹೋಗುವುದು ಆ ಹುಡುಗಿ ಕರೆದಳೆಂದು, ಯಾರಾದರೂ ಆಕ್ಷೇಪ ಎತ್ತಿದರೆ ಅವಳಿಗೆ ಮೆಮೊ ಬರುತ್ತದೆ. ಮಂಜೇಶ್ವರ ತಾಲೂಕಿನ ಯಾವ ಸೆಂಟರಿಗಾದರೂ ಬರಲು ನಾನು ತಯಾರಿದ್ದೇನೆ, ಬಸ್ ಚಾರ್ಜ್ ಕೊಟ್ಟರೆ ಸಾಕು. ಸೋಮವಾರ ಒಂದು ಬಿಟ್ಟು, ಅಂದು ಮೊಮ್ಮಗನನ್ನು ನೋಡಿಕೊಳ್ಳಲಿಕ್ಕಿದೆ.

ಇತಿ,
ನಿವೃತ್ತ ಅಂಗನವಾಡಿ ಟೀಚರ್,
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ